ಅತ್ತಿಗೆಯ ಸಾರು, ಅಣ್ಣನ ವೈನು

ತಂಗಿ: ನೀನು ಏನೇ ಹೇಳಣ್ಣ, ಇದು ಅಪ್ಪ ಮಾಡ್ತಿದ್ದ ವೈನ್ ಅಲ್ಲ. ಕೆಂಪು ನೀರು.

ಅಣ್ಣ: ನೀರು ಕೆಂಪಗಿರಲ್ಲ.

ತಂಗಿ: ಅದೇ ನನಗೂ ಆಶ್ಚರ್ಯ.

ಅಣ್ಣ: ನಿನ್ನ ವ್ಯಾನಲ್ಲಿ ಕುಲುಕಾಡಿದೆ. ಹಳ್ಳಕ್ಕೆ ಇಳಿಸಿ ಹತ್ತಿಸಿದ್ರೆ ಎಂಥ ವೈನಿಗೂ ತಲೆ ತಿರುಗತ್ತೆ.

ತಂಗಿ: ಇಷ್ಟು ವರ್ಷ ಅದೇ ವ್ಯಾನು, ಅದೇ ಹಳ್ಳ. ಅಪ್ಪನ ವೈನಿಗೆ ಒಂದು ದಿನ ತಲೆ ತಿರುಗಲಿಲ್ಲ. ಕುಡಿದೋರಿಗೆ ತಿರುಗ್ತಿತ್ತು.

ಊಟದ ಮನೆಯ ಗೋಡೆಗೆ ಒತ್ತಿ ಬಾಟಲಿಗಳ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲಿನದರ ಮೇಲೆ ಮೊಣಕೈ ಊರಿಕೊಂಡು ನಿಂತಿದ್ದಳು ತಂಗಿ. ಪೇಟೆಯಲ್ಲಿ ಅವಳದೊಂದು ಹೋಟೆಲು. ಅಪ್ಪನ ಕಾಲದಿಂದಲೂ ಅಲ್ಲಿ ಬಡಿಸುವ ಕೆಂಪು ವೈನು ಒಂದೇ, ಈ ಮನೆಯ ತೋಟದ್ದು. ಈಗ ಅದೇ ವೈನು ಹೋದ ದಾರಿಯಲ್ಲೇ ವಾಪಸ್ಸು ಬಂದು ಗೋಡೆ ಪಕ್ಕ ಕೂತಿತ್ತು, ಗಂಡನ ಮನೆ ಬಿಟ್ಟು ಬಂದ ಮಗಳ ಹಾಗೆ. ಅಣ್ಣ ಮೇಜಿನ ಮುಂದೆ ಕೂತು ಗೆರೆ ಹಾಕಿದ ಅಳತೆ ಲೋಟವನ್ನು ಬಟ್ಟೆಯಿಂದ ಒರೆಸುತ್ತಿದ್ದ. ಲೋಟ ಆಗಲೇ ಚೊಕ್ಕಟವಾಗಿತ್ತು.

ಅತ್ತಿಗೆ ಒಲೆಯ ಮುಂದೆ ನಿಂತು ಕುರಿಮಾಂಸದ ಸಾರನ್ನು ತಿರುವುತ್ತಿದ್ದಳು. ಅಡುಗೆಮನೆಗೂ ಊಟದ ಮನೆಗೂ ನಡುವೆ ಬಾಗಿಲಿಲ್ಲ, ಬರೀ ಒಂದು ಕಮಾನು. ಕೇಳಬೇಕೆಂದರೂ ಕೇಳುತ್ತಿತ್ತು, ಬೇಡವೆಂದರೂ ಕೇಳುತ್ತಿತ್ತು. ಅತ್ತಿಗೆ ಬೇಡವೆಂದದ್ದಿಲ್ಲ.

ತಂಗಿ: ಮೊನ್ನೆ ಒಬ್ಬರು ಬಂದ್ರು. ಹುರಿದ ಮಾಂಸ ತರಿಸ್ಕೊಂಡ್ರು, ಜೊತೆಗೆ ನಿನ್ನ ವೈನು. ಮಾಂಸ ತಿಂದ್ರು, ಗ್ಲಾಸು ಖಾಲಿ ಮಾಡಿದ್ರು. ಆಮೇಲೆ ನನ್ನ ಕರೆದು, ‘ವೈನ್ ಯಾವಾಗ ತರ್ತೀರಮ್ಮ’ ಅಂತ ಕೇಳಿದ್ರು.

ಅಣ್ಣ: ಮರೆವಿನ ಮನುಷ್ಯ ಇರಬೇಕು.

ತಂಗಿ: ನ್ಯಾಯಾಧೀಶರು.

ಅಣ್ಣ: ಹಾಗನ್ನು ಮತ್ತೆ. ಅವರು ಸಾಕ್ಷಿ ಇಲ್ದೆ ಏನನ್ನೂ ಒಪ್ಪಲ್ಲ.

ತಂಗಿ: ಸಾಕ್ಷಿ ಹೊಟ್ಟೆ ಒಳಗೇ ಇತ್ತಲ್ಲ.

ಅಣ್ಣ: ನೋಡು, ಈ ಸಲ ಕೊಯ್ಲಿನ ಹೊತ್ತಿಗೆ ಮಳೆ.

ತಂಗಿ: ಮಳೆ ಬಂದಿದ್ದು ಕೊಯ್ಲು ಮುಗಿದ ಮೇಲೆ. ನಾನೂ ಇಲ್ಲೇ ಇದ್ದೆ, ಬುಟ್ಟಿ ಹೊತ್ತಿದ್ದೀನಿ.

ಅಣ್ಣ: ಬರೋ ಹಾಗಿತ್ತು. ದ್ರಾಕ್ಷಿಗೆ ಅಷ್ಟು ಸಾಕು.

ಕುಣಿಯಲಾರದವನಿಗೆ ನೆಲ ಡೊಂಕು ಎಂದುಕೊಂಡಳು ಅತ್ತಿಗೆ. ವ್ಯಾನು ಆಯಿತು, ಮಳೆ ಆಯಿತು, ಇನ್ನು ಬಾಟಲಿಯ ಬಿರಡೆಯೊಂದು ಬಾಕಿ.

ಅಣ್ಣ: ಬಿರಡೆ ಬೇರೆ ಈ ಸಲ ಸರಿಯಿಲ್ಲ.

ತಂಗಿ: ಅಣ್ಣ, ಕೇಳಿಲ್ಲಿ. ಸೇತುವೆ ಆಚೆ ತೋಟದವನು ನನ್ನ ಹೋಟೆಲಿಗೆ ಬಂದು ಅವನ ವೈನ್ ಇಟ್ಟು ಹೋಗಿದ್ದಾನೆ. ನಾಳೆ ಬೆಳಿಗ್ಗೆ ಉತ್ತರ ಹೇಳ್ತೀನಿ ಅಂದಿದ್ದೀನಿ. ಉಳಿದ ಪೀಪಾಯಿಗಳನ್ನ ನೀನಿನ್ನೂ ಬೆರೆಸಿಲ್ಲ ಅಂತ ಗೊತ್ತು, ಅದಕ್ಕೇ ಓಡಿ ಬಂದೆ. ಇವತ್ತು ಈ ಮೇಜಿನ ಮೇಲೆ ಬೆರೆಸು, ನನ್ನ ಮುಂದೆ. ಅಪ್ಪನ ವೈನ್ ಬಂತೋ, ಅವನಿಗೆ ಬೇಡ ಅಂತೀನಿ. ಬರಲಿಲ್ವೋ, ನನ್ನ ಬಯ್ಯಬೇಡ.

ಅಣ್ಣನ ಕೈಯ ಬಟ್ಟೆ ಲೋಟದ ಮೇಲೆ ನಿಂತಿತು. ಸೇತುವೆಯಾಚೆಯವನೆಂದರೆ ಅವನಿಗೆ ಮೊದಲಿನಿಂದಲೂ ಆಗದು. ಆ ಮನುಷ್ಯ ವೈನಿಗೆ ಐಸು ಹಾಕಿಕೊಂಡು ಕುಡಿಯುವುದನ್ನು ಅಣ್ಣ ಕಣ್ಣಾರೆ ಕಂಡಿದ್ದ.

ಅಣ್ಣ: ಅವನ ವೈನು ಯಾವುದರ ಜೊತೆ ತಿನ್ತಾರಂತೆ?

ತಂಗಿ: ಎಲ್ಲದರ ಜೊತೆಗೂ ಹೋಗತ್ತೆ ಅಂದ.

ಅಣ್ಣ: ಎಲ್ಲರ ಜೊತೆಗೂ ಹೋಗೋದನ್ನ ಯಾರೂ ಮನೆಗೆ ಸೇರಿಸಲ್ಲ.

ತಂಗಿ: ನಿಂದು ಯಾರ ಜೊತೆಗೂ ಹೋಗ್ತಿಲ್ವಲ್ಲ. ನೀನೇ ಬಾಟಲಿ ಬೆನ್ನಿಗೆ ಬರೆಸಿದ್ದೀಯ, ನೋಡು: ಕುರಿಮಾಂಸ, ಅಣಬೆ, ಹಳೇ ಚೀಸು. ಮೂರನ್ನೂ ಹಾಕಿ ನೋಡ್ದೆ. ಮಾಂಸದ ಮುಂದೆ ಬಾಯಿ ಬಿಡಲಿಲ್ಲ. ಚೀಸಿನ ಮುಂದೆ ಮಲಗ್ತು. ಅಣಬೆ ಮುಂದೆ ಸೋತ ಕೆಂಪು ವೈನನ್ನ ನಾನು ಹುಟ್ಟಿದ ಮೇಲೆ ಇದೇ ಮೊದಲು ನೋಡಿದ್ದು.

ಅಣ್ಣ: ಯಾವುದಕ್ಕೂ ಹೊಂದಲೇ ಇಲ್ವಾ?

ತಂಗಿ: ಸುಳ್ಳು ಹೇಳಬಾರದು, ಒಂದಕ್ಕೆ ಹೊಂದ್ತು. ನಮ್ಮ ಅಡುಗೆಯವನಿಗೆ ಜ್ವರ ಬಂದಿತ್ತು. ಉಪ್ಪಿಲ್ಲದ ಗಂಜಿ ಕುಡೀತಾ, ಬೇಜಾರಿಗೆ ಒಂದು ಗುಟುಕು ವೈನ್ ಬಾಯಿಗೆ ಹಾಕ್ಕೊಂಡ. ‘ಅಮ್ಮಾ, ಇದು ಗಂಜಿಗೆ ಹೇಳಿ ಮಾಡಿಸಿದ ವೈನು’ ಅಂದ.

ಅಡುಗೆಮನೆಯಲ್ಲಿ ಸೌಟು ನಿಂತಿತು.

ಉಪ್ಪಿಲ್ಲದ ಗಂಜಿ. ಅತ್ತಿಗೆ ಪಾತ್ರೆಯೊಳಗೆ ನೋಡಿದಳು. ಸಾರು ಅವಳನ್ನೇ ನೋಡುತ್ತಾ ಕುದಿಯಿತು.

ಈ ಮನೆಯಲ್ಲಿ ವೈನು ಬೆರೆಸುವುದಕ್ಕೆ ಒಂದು ಪದ್ಧತಿಯಿತ್ತು. ಬೇರೆಯವರ ಹಾಗೆ ನೆಲಮಾಳಿಗೆಯಲ್ಲಿ ಪೀಪಾಯಿಗಳ ನಡುವೆ ನಿಂತು ಬೆರೆಸುವುದಲ್ಲ. ಪೀಪಾಯಿ ಪಕ್ಕ ಬೆರೆಸಿದ್ದು ಪೀಪಾಯಿಗೆ ರುಚಿ, ಊಟದ ಮೇಜಿನಲ್ಲಿ ಬೆರೆಸಿದ್ದು ಮನುಷ್ಯರಿಗೆ ರುಚಿ ಎನ್ನುತ್ತಿದ್ದರು ಮಾವನವರು. ಮೂರು ದ್ರಾಕ್ಷಿಯ ವೈನನ್ನೂ ಬೇರೆ ಬೇರೆ ಬಾಟಲಿಯಲ್ಲಿ ಮೇಲೆ ತರುವುದು, ಪಕ್ಕದಲ್ಲಿ ಮನೆಯಾಕೆಯ ಕುರಿಮಾಂಸದ ಸಾರು ಇಡುವುದು. ಒಂದು ತುತ್ತು ಸಾರು, ಒಂದು ಗುಟುಕು ವೈನು. ಯಾವ ಅಳತೆಯಲ್ಲಿ ಸಾರೂ ವೈನೂ ಒಂದನ್ನೊಂದು ತಳ್ಳಾಡದೆ ಕೂತವೋ, ಆ ಅಳತೆಗೆ ಪೀಪಾಯಿಗಳೆಲ್ಲ ಬೆರೆಯುತ್ತಿದ್ದವು. ಅಂದರೆ ಆ ವರ್ಷದ ವೈನಿಗೆ ತಕ್ಕಡಿ ಯಾವುದೆಂದರೆ, ಸಾರು. ಮೊದಲು ಅತ್ತೆಯ ಸಾರು. ಅತ್ತೆ ಹೋದ ಮೇಲೆ ಅತ್ತಿಗೆಯ ಸಾರು.

ಆ ತಕ್ಕಡಿಯನ್ನು ಅತ್ತಿಗೆ ಅಲ್ಲಾಡಿಸಿದ್ದಳು. ಬೇಕೆಂದು ಅಲ್ಲ. ಕಳೆದ ಚಳಿಗಾಲದಲ್ಲಿ ಡಾಕ್ಟರು ಗಂಡನ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ಮುಖ ಸಣ್ಣ ಮಾಡಿ, ‘ಉಪ್ಪು ಅರ್ಧಕ್ಕರ್ಧ ಬಿಡಿ’ ಎಂದಿದ್ದರು. ‘ಉಪ್ಪು ಬಿಟ್ಟು ಬದುಕಿ ಏನು ಮಾಡೋದು’ ಎಂದು ಇವನು ಅಂಗಿಯ ತೋಳು ಇಳಿಸಿಕೊಂಡು ಎದ್ದು ಬಂದಿದ್ದ. ಸರಿ, ಹೇಳಿದರೆ ಕೇಳದವರಿಗೆ ಹೇಳದೆ ಮಾಡಬೇಕು. ಅವಳು ಚಿಟಿಕೆ ಚಿಟಿಕೆಯಾಗಿ, ನೆರಳು ಸರಿದ ಹಾಗೆ ಉಪ್ಪು ಇಳಿಸುತ್ತಾ ಬಂದಿದ್ದಳು. ಅವನು ಒಂದು ದಿನ ಹುಬ್ಬು ಗಂಟಿಕ್ಕಲಿಲ್ಲ. ‘ಚೆನ್ನಾಗಿದೆ’ ಎಂದು ತಟ್ಟೆ ಬಳಿದು ಏಳುತ್ತಿದ್ದ. ಪೀಪಾಯಿಯ ಮರ ಯಾವ ಕಾಡಿನದೆಂದು ಹೇಳುವ ನಾಲಿಗೆಗೆ ತಟ್ಟೆಯ ಉಪ್ಪು ಹೋದದ್ದು ತಿಳಿಯಲಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ನಗು ಬರುತ್ತಿತ್ತು.

ಈಗ ಬರಲಿಲ್ಲ.

ಅಣ್ಣ: ಯಾರು ಏನೇ ಅನ್ನಲಿ, ಈ ವೈನಿನ ಗುಣ ನನಗೆ ಗೊತ್ತು. ದಿನಾ ಒಂದು ಗ್ಲಾಸ್ ಕುಡಿದು ನನ್ನ ಬಿ.ಪಿ. ಇಳಿದಿದೆ. ಡಾಕ್ಟರೇ ಬೆನ್ನು ತಟ್ಟಿದ್ರು.

ತಂಗಿ: ಹಾಗಾದ್ರೆ ಹೋಟೆಲಿಗೆ ಯಾಕೆ, ಮೆಡಿಕಲ್ ಶಾಪಿಗೆ ಕೊಡು. ಊಟ ಆದ ಮೇಲೆ ಎರಡು ಚಮಚ.

ಅತ್ತಿಗೆ: ಸಾರು ಇನ್ನೊಂಚೂರು ಬೇಯಬೇಕು. ನೀವು ಮಾತಾಡ್ತಿರಿ.

ಮಾತಾಡುತ್ತಿರಿ ಎಂದು ಅವರಿಗೆ ಹೇಳುವ ಅಗತ್ಯವಿರಲಿಲ್ಲ.

ತಂಗಿ: ನಿಜ ಹೇಳ್ಲಾ ಅಣ್ಣ? ತಪ್ಪು ಮಳೆದೂ ಅಲ್ಲ, ಬಿರಡೆದೂ ಅಲ್ಲ. ಮೆರ್ಲೊ ದ್ರಾಕ್ಷಿ ಜಾಸ್ತಿ ಆಗಿದೆ.

ಅಣ್ಣ: ಆಗಿಲ್ಲ.

ತಂಗಿ: ಅಪ್ಪ ಎಷ್ಟು ಹಾಕ್ತಿದ್ದ? ಆರು ಪಾಲು ಕ್ಯಾಬರ್ನೆ, ಮೂರು ಪಾಲು ಮೆರ್ಲೊ, ಮೇಲೆ ಒಂದು ಪಾಲು ಶಿರಾಜ್, ಮೆಣಸಿನ ವಾಸನೆಗೆ. ನೀನು ಎಷ್ಟು ಹಾಕಿದ್ದೀಯ?

ಅಣ್ಣ: ಅದು ವರ್ಷ ವರ್ಷಕ್ಕೆ ಬದಲಾಗತ್ತೆ.

ತಂಗಿ: ಎಷ್ಟು?

ಅಣ್ಣ: ಆರು, ಮೂರೇ. ಸ್ವಲ್ಪ ಆಚೀಚೆ.

ತಂಗಿ: ಆಚೀಚೆ ಅಂದ್ರೆ?

ಅಣ್ಣ: ಮೆರ್ಲೊ ಆರು, ಕ್ಯಾಬರ್ನೆ ಮೂರು.

ತಂಗಿ ಪೆಟ್ಟಿಗೆಯ ಮೇಲಿಂದ ಮೊಣಕೈ ತೆಗೆದಳು. ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. ಅವಳ ದನಿ ತಗ್ಗಿದರೂ ರಸ್ತೆಗೆ ಕೇಳುವಂಥದು. ಹೋಟೆಲು ನಡೆಸಿ ಬಂದ ಗಂಟಲು.

ತಂಗಿ: ನನಗೆ ಅರ್ಥ ಆಯ್ತು. ಕ್ಯಾಬರ್ನೆ ನಮ್ಮ ತಾತ ಕಲ್ಲು ಗುಡ್ಡದ ಮೇಲೆ ನೆಟ್ಟಿದ್ದು. ಮೆರ್ಲೊ ಅತ್ತಿಗೆ ತವರಿಂದ ಬಂದಿದ್ದು.

ಅಣ್ಣ: ಬಂದ್ರೆ?

ತಂಗಿ: ಬಂದ್ರೆ ಏನು. ಅಪ್ಪ ಇರೋ ತನಕ ತಾತನ ದ್ರಾಕ್ಷಿ ಆರು ಪಾಲು. ಅಪ್ಪ ಹೋದ, ಹೆಂಡತಿ ತವರಿನ ದ್ರಾಕ್ಷಿ ಆರು ಪಾಲು. ಊರೆಲ್ಲ ಇಂಥದ್ದು ನೋಡಿದ್ದೀನಿ, ಬಾಟಲಿ ಒಳಗೆ ಇದೇ ಮೊದಲು.

ಮೆರ್ಲೊ ತವರಿನದೆಂಬುದು ಸುಳ್ಳಲ್ಲ. ಮದುವೆಯಾಗಿ ಬರುವಾಗ ಅತ್ತಿಗೆಯ ಅಪ್ಪ ಒದ್ದೆ ಗೋಣಿಯಲ್ಲಿ ಸುತ್ತಿ ಕಡ್ಡಿಗಳ ಒಂದು ಹೊರೆ ಕೊಟ್ಟಿದ್ದರು. ‘ಮೆತ್ತನೆ ಜಾತಿ, ಜೇಡಿಮಣ್ಣಿಗೆ ಹಾಕು, ಬೇಗ ಹಣ್ಣಾಗತ್ತೆ, ಯಾರ ಜೊತೆಗೂ ಜಗಳ ಇಲ್ಲ’ ಎಂದಿದ್ದರು. ದ್ರಾಕ್ಷಿಯ ಬಗ್ಗೆ ಹೇಳಿದರೋ ಮಗಳ ಬಗ್ಗೆ ಹೇಳಿದರೋ ಎಂದು ಅತ್ತೆ ಬಹಳ ದಿನ ಯೋಚಿಸಿದ್ದರಂತೆ.

ಅಣ್ಣ: ನೋಡು, ದ್ರಾಕ್ಷಿಯಲ್ಲಿ ನಿಮ್ಮದು ನಮ್ಮದು ಅಂತಿಲ್ಲ. ತಿಳಿದೋರು ಹೇಳ್ತಾರೆ, ಕ್ಯಾಬರ್ನೆಗೂ ಮೆರ್ಲೊಗೂ ಅಪ್ಪ ಒಂದೇ ಬಳ್ಳಿ. ತಾಯಂದಿರು ಬೇರೆ.

ತಂಗಿ: ಅಂದ್ರೆ ಅಣ್ಣ ತಂಗಿ.

ಅಣ್ಣ: ಹೆಚ್ಚು ಕಮ್ಮಿ.

ತಂಗಿ: ಅವುಗಳನ್ನ ತಂದು ಒಂದೇ ಪೀಪಾಯಿಗೆ ಹಾಕ್ತೀಯ.

ಅಣ್ಣ: ದ್ರಾಕ್ಷಿಗೆ ಸಂಬಂಧ ನೋಡಲ್ಲ.

ತಂಗಿ: ನೋಡಬೇಕಿತ್ತು. ಅದಕ್ಕೇ ಹುಟ್ಟಿದ್ದು ಮಂಕಾಗಿದೆ. ಶಿರಾಜ್ ಒಂದೇ ಪಾಪ ಹೊರಗಿನದು.

ಅಣ್ಣ: ಅದೂ ಹೆಸರಿಗೆ ಮಾತ್ರ. ಶಿರಾಜ್ ಅಂತ ದೂರದಲ್ಲಿ ಒಂದು ಪಟ್ಟಣ ಇದೆ, ಆದ್ರೆ ಈ ದ್ರಾಕ್ಷಿ ಅಲ್ಲಿ ಹುಟ್ಟಿದ್ದಲ್ವಂತೆ.

ತಂಗಿ: ಒಟ್ಟಿನಲ್ಲಿ ಒಂದಕ್ಕೂ ನೆಟ್ಟಗೆ ವಿಳಾಸ ಇಲ್ಲ.

ಅತ್ತಿಗೆಗೆ ಎದೆಯೊಳಗೆ ಚುರುಕ್ಕೆಂದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಪ್ಪು ಉಪ್ಪಿನದು, ಬೈಗುಳ ತವರಿನ ಬಳ್ಳಿಗೆ. ಹೋಗಿ ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ಬಳ್ಳಿಯ ಮಾನ ಉಳಿಯುತ್ತದೆ, ಮಾವನವರ ವೈನೂ ಉಳಿಯುತ್ತದೆ. ಆದರೆ ಇವನು ಉಪ್ಪಿನ ಡಬ್ಬಿಯನ್ನು ಮೇಜಿನ ನಡುವೆ ಪ್ರತಿಷ್ಠೆ ಮಾಡಿಕೊಂಡು ಕೂರುತ್ತಾನೆ. ಡಾಕ್ಟರು ಮತ್ತೆ ಮುಖ ಸಣ್ಣ ಮಾಡುತ್ತಾರೆ. ಹೇಳದಿದ್ದರೆ ಗಂಡ ಉಳಿಯುತ್ತಾನೆ, ವೈನು ಸೇತುವೆಯಾಚೆ ಹೋಗುತ್ತದೆ. ಒಂದು ಕೈಯಲ್ಲಿ ಪೀಪಾಯಿ, ಒಂದು ಕೈಯಲ್ಲಿ ಗಂಡ. ಎರಡೂ ಭಾರವೇ. ಎರಡರ ಹೊಟ್ಟೆಯೂ ಒಂದೇ ಸುತ್ತಳತೆ.

ಯೋಚಿಸಿ ಮುಗಿಯುವ ಮೊದಲೇ ಸಾರು ಬೆಂದಿತು. ಬಟ್ಟಲಿಗೆ ಬಡಿಸಿ, ಬ್ರೆಡ್ಡಿನ ತುಂಡುಗಳ ಜೊತೆ ತಂದಿಟ್ಟಳು. ಅಣ್ಣ ಮೂರು ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ, ಪಕ್ಕಕ್ಕೆ ಹಿತ್ತಾಳೆಯ ಬೋಗುಣಿ ಎಳೆದುಕೊಂಡ.

ಅವನು ಒಂದು ತುತ್ತು ಸಾರು ತಿಂದ. ಅಪ್ಪನ ಅಳತೆಗೆ ಬೆರೆಸಿದ ವೈನನ್ನು ಬಾಯಿಗೆ ಹಾಕಿ, ಕೆನ್ನೆಯಿಂದ ಕೆನ್ನೆಗೆ ತಿರುಗಿಸಿ, ಕಣ್ಣು ಮುಚ್ಚಿ, ಬೋಗುಣಿಗೆ ಉಗುಳಿದ.

ಅಣ್ಣ: ಒಗರು. ನಾಲಿಗೆ ಹಿಡ್ಕೊಂಡು ಎಳೆಯತ್ತೆ. ಅಪ್ಪನ ಅಳತೆ ಈ ಸಾರಿಗೆ ಆಗಲ್ಲ.

ತಂಗಿ ಬಂದು ಕೂತು ತಾನೂ ಒಂದು ಗುಟುಕು ಕುಡಿದು ನುಂಗಿದಳು.

ಅಣ್ಣ: ನುಂಗಿದ್ಯಾ?

ತಂಗಿ: ಮತ್ತೆ?

ಅಣ್ಣ: ರುಚಿ ನೋಡೋಕೆ ಕೂತೋರು ನುಂಗಬಾರದು. ನಾಲಿಗೆಗೆ ಗೊತ್ತಾದ ಮೇಲೆ ಹೊಟ್ಟೆಗೇನು ಕೆಲಸ? ಅಪ್ಪ ಕಲಿಸಿದ್ದು.

ತಂಗಿ: ಅಪ್ಪ ನನಗೆ ಬಾಯಿಗೆ ಬಂದಿದ್ದನ್ನ ಬಿಡಬೇಡ ಅಂತ ಕಲಿಸಿದ್ದ.

ಅಣ್ಣ ಅಳತೆ ಲೋಟಕ್ಕೆ ಮೆರ್ಲೊ ಸುರಿದ. ಮತ್ತೊಂದು ತುತ್ತು, ಮತ್ತೊಂದು ಗುಟುಕು. ಇನ್ನೂ ಸ್ವಲ್ಪ ಮೆರ್ಲೊ. ಮುಖದ ಗೆರೆಗಳು ಒಂದೊಂದಾಗಿ ಸಡಿಲಾದವು.

ಅಣ್ಣ: ಈಗ ನೋಡು. ಸಾರು ಒಂದು ಮಾತಾಡಿದ್ರೆ ವೈನು ಹೂಂ ಅನ್ನತ್ತೆ.

ತಂಗಿ: ಹೂಂ ಅನ್ನೋದು ಬಿಟ್ಟು ಬೇರೆ ಏನೂ ಅನ್ನಲ್ಲ ಅದು. ತಾಳು.

ಅವಳು ಚೀಲದಿಂದ ಒಂದು ಮುಚ್ಚಳದ ಡಬ್ಬಿ ತೆಗೆದಳು. ಬರುವಾಗ ಹೋಟೆಲಿನಿಂದಲೇ ತುಂಬಿಕೊಂಡು ಬಂದಿದ್ದ ಕುರಿಮಾಂಸದ ಸಾರು. ಅದೇ ಅಮ್ಮನ ಕೈಯಳತೆಯದು, ಅವಳು ಅಡುಗೆಯವನಿಗೆ ಕಲಿಸಿದ್ದು.

ತಂಗಿ: ನನ್ನ ಗಿರಾಕಿ ತಿನ್ನೋದು ಇದನ್ನ. ಇದರ ಜೊತೆ ಕುಡಿ.

ಅಣ್ಣ ತಿಂದ. ಕುಡಿದ. ಬಾಯಿಯಲ್ಲಿ ವೈನು ಇದೆಯೋ ಇಲ್ಲವೋ ಎಂದು ಹುಡುಕುವವನ ಹಾಗೆ ನಾಲಿಗೆ ಆಡಿಸಿದ. ಉಗುಳಲೂ ಮರೆತ.

ತಂಗಿ: ಸಿಕ್ತಾ?

ಅಣ್ಣ: ನಿಮ್ಮ ಅಡುಗೆಯವನ ಕೈ ಉದ್ದ. ಉಪ್ಪು ಜಾಸ್ತಿ.

ತಂಗಿ: ನಮ್ಮಲ್ಲಿ ಒಬ್ಬರೂ ಹಾಗಂದಿಲ್ಲ.

ಅಣ್ಣ: ಜಾಸ್ತಿ.

ಉಪ್ಪೆಂಬ ಮಾತು ಕಿವಿಗೆ ಬಿದ್ದದ್ದೇ ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ತಂಗಿ ಚಮಚ ತೆಗೆದುಕೊಂಡು ಅತ್ತಿಗೆಯ ಸಾರಿನ ಬಟ್ಟಲಿಗೆ ಹಾಕಿದಳು. ಒಂದು ಚಮಚ ತಿಂದಳು. ಚಮಚವನ್ನು ಬಾಯಿಂದ ತೆಗೆಯದೆ ಅಣ್ಣನ ಮುಖ ನೋಡಿದಳು. ಅಣ್ಣ ಹುಬ್ಬನ್ನು ಒಂದಿಷ್ಟೇ ಮೇಲೆತ್ತಿ ಇಳಿಸಿದ. ಅವಳು ಚಮಚ ಕೆಳಗಿಟ್ಟಳು.

ಅತ್ತಿಗೆ: ಯಾಕೆ, ಚೆನ್ನಾಗಿಲ್ವಾ?

ತಂಗಿ: ಇದೆ ಅತ್ತಿಗೆ. ಮಾಂಸ ಚೆನ್ನಾಗಿ ಬೆಂದಿದೆ.

ಅತ್ತಿಗೆ: ಮತ್ತೆ?

ತಂಗಿ: ಬಿಸಿಯಾಗಿದೆ.

ಮಾಂಸ ಬೆಂದಿದೆ, ಸಾರು ಬಿಸಿಯಾಗಿದೆ. ಅಡುಗೆಗೆ ಇದಕ್ಕಿಂತ ದೊಡ್ಡ ಬೈಗುಳ ಅತ್ತಿಗೆ ಕೇಳಿದ್ದಿಲ್ಲ.

ಅಣ್ಣ: ಲೇ ಇವಳೇ, ಬ್ರೆಡ್ಡು ಇನ್ನೊಂದಿಷ್ಟು ತಾ.

ಬುಟ್ಟಿಯ ತುಂಬ ಬ್ರೆಡ್ಡಿತ್ತು. ಅಂದರೆ ತನ್ನನ್ನು ಎಬ್ಬಿಸಿ ಕಳಿಸಬೇಕಾಗಿದೆ ಎಂದು ಅತ್ತಿಗೆಗೆ ತಿಳಿಯಿತು. ಗುಟ್ಟು ಬಯಲಾಯಿತು, ಅಣ್ಣ ತಂಗಿ ಸೇರಿ ಬೈಯುವುದಕ್ಕೆ ಮೊದಲು ಮಾತು ಜೋಡಿಸಿಕೊಳ್ಳುತ್ತಾರೆ ಎಂದುಕೊಂಡು, ಒಳಗೆ ಹೋಗಿ ಕಮಾನಿನ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಬೈಸಿಕೊಳ್ಳುವವರು ಮುಂಚೆಯೇ ಕೇಳಿಟ್ಟುಕೊಂಡರೆ ಉತ್ತರಕ್ಕೆ ಅನುಕೂಲ.

ಅಣ್ಣ: ಮೆಲ್ಲಗೆ ಮಾತಾಡು. ಏನೂ ಅನ್ನಬೇಡ ಅವಳಿಗೆ. ನಾಲಿಗೆ ಹೋಗಿದೆ.

ತಂಗಿ: ಎಲ್ಲಿಗೆ?

ಅಣ್ಣ: ರುಚಿ ತಿಳಿಯಲ್ಲ ಅವಳಿಗೆ. ವಯಸ್ಸು. ಚಳಿಗಾಲದಿಂದ ನೋಡ್ತಿದ್ದೀನಿ, ದಿನದಿಂದ ದಿನಕ್ಕೆ ಸಪ್ಪೆ ಆಗ್ತಾ ಬಂತು. ಪಾಪ, ಹಾಕಿದ್ದೀನಿ ಅಂದ್ಕೊಂಡಿದ್ದಾಳೆ.

ತಂಗಿ: ಹೇಳೋದಲ್ವಾ?

ಅಣ್ಣ: ಏನಂತ ಹೇಳ್ಲಿ? ಅಮ್ಮನ ಆಮೇಲೆ ಈ ಮೇಜಿಗೆ ಬಡಿಸಿದ ಕೈ ಅದು. ನಿನ್ನ ಸಾರು ಸಪ್ಪೆ ಅಂತ ಹೇಳಿ ಆ ಮುಖ ನೋಡೋಕೆ ನನ್ನ ಕೈಲಾಗಲ್ಲ. ಸಪ್ಪೆ ಸಾರಿನ ಪಕ್ಕ ಅಪ್ಪನ ವೈನ್ ಒಗರಾಗಿ ಕೂಗಾಡ್ತಿತ್ತು. ಸಾರು ಬದಲಾಯಿಸೋಕಾಗಲ್ಲ, ವೈನು ಬದಲಾಯಿಸ್ಬಹುದು. ಮೆರ್ಲೊ ಜಾಸ್ತಿ ಹಾಕ್ದೆ, ಮೆತ್ತಗಾಯ್ತು.

ತಂಗಿ: ಅಂದ್ರೆ ಅತ್ತಿಗೆ ಮನಸ್ಸು ನೋಯದಿರಲಿ ಅಂತ ನನ್ನ ಹೋಟೆಲಿನ ಗಿರಾಕಿಗಳೆಲ್ಲ ಸಪ್ಪೆ ವೈನ್ ಕುಡೀಬೇಕು.

ಅಣ್ಣ: ಕುಡಿದ್ರೆ ಅವರ ಗಂಟೇನು ಹೋಗತ್ತೆ?

ತಂಗಿ: ಮಳೆ, ಬಿರಡೆ, ನನ್ನ ವ್ಯಾನು, ಎಲ್ಲದರ ಮೇಲೂ ತಪ್ಪು ಹಾಕಿದ್ಯಲ್ಲ.

ಅಣ್ಣ: ಅವುಗಳಿಗೆ ಬೇಜಾರಾಗಲ್ಲ.

ಗೋಡೆಯ ಈಚೆ ಅತ್ತಿಗೆ ಕೈಯಲ್ಲಿ ಖಾಲಿ ತಟ್ಟೆ ಹಿಡಿದು ನಿಂತೇ ಇದ್ದಳು. ಅಳಬೇಕೋ, ಹೋಗಿ ಬಯ್ಯಬೇಕೋ ತಿಳಿಯಲಿಲ್ಲ. ಎರಡಕ್ಕೂ ಪುರುಸೊತ್ತಿರಲಿಲ್ಲ, ಸಾರು ಆರುತ್ತಿತ್ತು. ಮೇಲಿನ ಹಲಗೆಯ ಮೂಲೆಯಲ್ಲಿ, ಬೇಳೆಯ ಡಬ್ಬಿಗಳ ಹಿಂದೆ ಅವಿತಿಟ್ಟಿದ್ದ ಉಪ್ಪಿನ ಜಾಡಿಯನ್ನು ಇಳಿಸಿಕೊಂಡು ಬಂದು, ಮೇಜಿನ ನಡುವೆ, ಕ್ಯಾಬರ್ನೆ ಬಾಟಲಿಯ ಪಕ್ಕ ಇಟ್ಟಳು.

ಅತ್ತಿಗೆ: ನನ್ನ ನಾಲಿಗೆ ಎಲ್ಲೂ ಹೋಗಿಲ್ಲ. ಬೇಕಾದ್ರೆ ತೋರಿಸ್ತೀನಿ.

ಅಣ್ಣ: ಬ್ರೆಡ್ಡು ಎಲ್ಲಿ?

ಅತ್ತಿಗೆ: ನಿಮ್ಮ ಮುಂದೇ ಇದೆ ಬುಟ್ಟಿ ತುಂಬ. ಉಪ್ಪು ಕಮ್ಮಿ ಮಾಡಿದ್ದು ನಾನೇ. ಗೊತ್ತಿದ್ದೇ ಮಾಡಿದ್ದು. ಡಾಕ್ಟರು ಹೇಳಿದ್ದನ್ನ ನೀವು ಕೇಳಲಿಲ್ಲ, ನಿಮ್ಮ ಪರವಾಗಿ ನಾನು ಕೇಳ್ದೆ.

ಅಣ್ಣ: ಅಂದ್ರೆ ನಿನಗೆ ರುಚಿ ತಿಳಿಯತ್ತೆ.

ಅತ್ತಿಗೆ: ತಿಳಿಯತ್ತೆ, ಅದಕ್ಕೇ ಕಷ್ಟ ಆಗಿದ್ದು. ಆ ಸಪ್ಪೆ ಸಾರನ್ನ ನಾನೂ ದಿನಾ ತಿಂದಿದ್ದೀನಿ.

ಅಣ್ಣ: ಮತ್ತೆ ನನಗೆ ಯಾಕೆ ಹೇಳಲಿಲ್ಲ?

ಅತ್ತಿಗೆ: ನೀವು ಯಾಕೆ ಕೇಳಲಿಲ್ಲ? ದಿನಾ ಚೆನ್ನಾಗಿದೆ ಅಂತಿದ್ರಿ.

ಅಣ್ಣ: ನಿನಗೆ ಬೇಜಾರಾಗಬಾರದು ಅಂತ.

ಅತ್ತಿಗೆ: ನನಗೆ ಬೇಜಾರಾಗಿದೆ. ಇಷ್ಟು ತಿಂಗಳು ಸಪ್ಪೆ ಸಾರಿಗೆ ಚೆನ್ನಾಗಿದೆ ಅಂದ್ರಲ್ಲ, ಮೊದಲಿನ ಸಾರಿಗೂ ಚೆನ್ನಾಗಿದೆ ಅಂತಾನೇ ಅಂದಿದ್ರಿ. ಈಗ ಅದನ್ನ ನಂಬ್ಲಾ, ಬಿಡ್ಲಾ?

ಅಣ್ಣ ಅಳತೆ ಲೋಟ ಒರೆಸುವ ಬಟ್ಟೆಯನ್ನು ಹುಡುಕಿದ. ಅದರ ಮೇಲೆ ತಂಗಿ ಕೂತಿದ್ದಳು.

ತಂಗಿ: ಒಬ್ಬರು ಗಂಡನ ಬಿ.ಪಿ. ಇಳಿಸೋಕೆ ಸಾರು ಕೆಡಿಸಿದ್ರಿ. ಒಬ್ಬ ಹೆಂಡತಿ ಮನಸ್ಸು ಕಾಯೋಕೆ ವೈನ್ ಕೆಡಿಸಿದ. ನಡುವೆ ನನ್ನ ಹೋಟೆಲು ಯಾವ ಪಾಪ ಮಾಡಿತ್ತು?

ಅತ್ತಿಗೆ: ನೀನು ನನ್ನ ತವರಿನ ಬಳ್ಳಿಯ ಹುಟ್ಟನ್ನೇ ಆಡಿಕೊಂಡ್ಯಲ್ಲ, ಅದಕ್ಕೆ ಇದು ಸರಿಹೋಯ್ತು.

ತಂಗಿ: ಕೇಳಿಸ್ತಾ ಅತ್ತಿಗೆ?

ಅತ್ತಿಗೆ: ಮೆಲ್ಲಗೆ ಹೇಳಿದ್ಯಲ್ಲ, ಸ್ಪಷ್ಟವಾಗಿ ಕೇಳಿಸ್ತು.

ಅಣ್ಣ: ಹಾಗಾದ್ರೆ ನನ್ನ ಬಿ.ಪಿ. ಇಳಿದಿದ್ದು...

ಅತ್ತಿಗೆ: ನಿಮ್ಮ ವೈನಿಂದಲ್ಲ. ನನ್ನ ಸಾರಿಂದ.

ವೈನನ್ನು ಕೆಂಪು ನೀರೆಂದಾಗಲೂ ಅಣ್ಣನ ಮುಖ ಇಷ್ಟು ಬಾಡಿರಲಿಲ್ಲ.

ಅತ್ತಿಗೆ ಜಾಡಿಗೆ ಕೈ ಹಾಕಿ, ಬಟ್ಟಲಿನ ಸಾರಿಗೆ ಮೊದಲಿನ ಕಾಲದ ಹಾಗೆ ಉಪ್ಪು ಉದುರಿಸಿ, ಕದಡಿ, ಗಂಡನ ಮುಂದೆ ತಳ್ಳಿದಳು. ಹೊಸ ಲೋಟಕ್ಕೆ ಮಾವನವರ ಅಳತೆಗೆ ತಾನೇ ಸುರಿದಳು. ಕ್ಯಾಬರ್ನೆ ಆರು, ಮೆರ್ಲೊ ಮೂರು, ಶಿರಾಜ್ ಒಂದು. ಅಣ್ಣ ತುತ್ತು ತಿಂದ. ವೈನನ್ನು ಬಾಯಿಗೆ ಹಾಕಿ ಕೆನ್ನೆಯಿಂದ ಕೆನ್ನೆಗೆ ತಿರುಗಿಸಿದ. ಇಷ್ಟು ಹೊತ್ತು ನಾಲಿಗೆ ಹಿಡಿದು ಎಳೆಯುತ್ತಿದ್ದ ಒಗರು ಉಪ್ಪು ತಾಗಿದ್ದೇ ತಲೆ ತಗ್ಗಿಸಿ ಪಕ್ಕಕ್ಕೆ ಸರಿದು ಕೂತಿತು. ಹಿಂದಿನಿಂದ ಮೆರ್ಲೊ ಮೆತ್ತಗೆ ಬಂತು. ಎಲ್ಲ ಮುಗಿಯಿತು ಎನ್ನುವಾಗ ಶ್ವಾಸದಲ್ಲಿ ಒಂದು ಕಾಳು ಮೆಣಸು ಸಿಡಿದ ಹಾಗೆ ಶಿರಾಜ್. ಅವನು ಬೋಗುಣಿಗೆ ಉಗುಳಿ, ಬಟ್ಟಲನ್ನೂ ಲೋಟವನ್ನೂ ತಂಗಿಯ ಕಡೆ ಸರಿಸಿದ.

ತಂಗಿ ತಾನೂ ತಿಂದಳು. ಕುಡಿದಳು. ಗೋಡೆಯ ಮೇಲಿದ್ದ ಅಪ್ಪನ ಪಟದ ಕಡೆ ಒಮ್ಮೆ ನೋಡಿದಳು.

ತಂಗಿ: ಇದೇ. ನಾಳೆ ಸೇತುವೆ ಆಚೆಯವನಿಗೆ ಬೇಡ ಅಂತೀನಿ.

ಅಣ್ಣ: ಬೇಡ ಅಂತ ಮಾತ್ರ ಹೇಳ್ಬೇಡ. ಐಸು ಅವನೇ ಇಟ್ಕೊಳ್ಳಲಿ ಅಂತ ಹೇಳು.

ತಂಗಿ: ಮತ್ತೆ ಈ ಪೆಟ್ಟಿಗೆಗಳು?

ಅತ್ತಿಗೆ: ಇಲ್ಲೇ ಇರಲಿ. ನಾಳೆಯಿಂದ ಈ ಮನೇಲಿ ಮತ್ತೆ ಸಪ್ಪೆ ಸಾರು. ಅದಕ್ಕೆ ಹೇಳಿ ಮಾಡಿಸಿದ ವೈನಲ್ವಾ ಅದು.

ತಂಗಿ ನಕ್ಕು, ವ್ಯಾನಿನ ಬೀಗದ ಕೈ ತೆಗೆದುಕೊಂಡಳು. ಅಣ್ಣ ನಗಲಿಲ್ಲ. ಅವನ ಕಣ್ಣು ಬಟ್ಟಲಿನ ಮೇಲಿತ್ತು. ಗಂಟಲು ಸರಿ ಮಾಡಿಕೊಂಡ.

ಅಣ್ಣ: ನಾಳೆ ಮಾತು ನಾಳೆಗಾಯ್ತು. ಆದ್ರೆ ನೋಡು, ಬೆರೆಸೋ ಕೆಲಸ ಇಷ್ಟು ಬೇಗ ಮುಗಿಯೋದಲ್ಲ. ಒಂದು ತುತ್ತಲ್ಲಿ ತೀರ್ಮಾನ ಮಾಡೋಕಾಗಲ್ಲ. ಅಪ್ಪನ ಹೆಸರಿನ ಪ್ರಶ್ನೆ. ಇನ್ನೊಂದು ಬಟ್ಟಲು ಹಾಕು, ಉಪ್ಪು ಹಾಕಿದ್ದು. ಖಚಿತ ಮಾಡ್ಕೋಬೇಕು.

ಅತ್ತಿಗೆ ಎದ್ದು ಒಳಗೆ ಹೋದಳು. ಬಟ್ಟಲು ತುಂಬ ಸಾರು ತಂದಳು. ಅವನ ಕಣ್ಣೆದುರಿಗೇ ಜಾಡಿಯಿಂದ ಉಪ್ಪು ಉದುರಿಸಿ, ಕದಡಿ, ಮುಂದಿಟ್ಟಳು. ಅವನು ಚಮಚ ಎತ್ತಿ ಬಾಯಿಗಿಟ್ಟುಕೊಂಡ ಮೇಲೆ, ಹಿತ್ತಾಳೆಯ ಬೋಗುಣಿಯನ್ನು ಮೆಲ್ಲಗೆ ಅವನ ಗದ್ದದ ಕೆಳಗೆ ಸರಿಸಿದಳು.

ಅತ್ತಿಗೆ: ಉಗುಳಿ. ನಾಲಿಗೆಗೆ ಗೊತ್ತಾದ ಮೇಲೆ ಹೊಟ್ಟೆಗೇನು ಕೆಲಸ?